ಬೆಟ್ಟದ ಬಸ್ಸಿನಲ್ಲಿ ಬದಲಾವಣೆ

ಬೆಂಗಳೂರಿನ ಕಂಪನಿಯೊಂದರ ವೈಸ್ ಪ್ರೆಸಿಡೆಂಟರು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಕಾರಿನಿಂದ ಇಳಿದರು. ಇಳಿಸಿದರು ಅನ್ನಿ. ಬಂಡೀಪುರ ಕಾಡಿನೊಳಗಿನ ಈ ರಸ್ತೆಗೆ ಖಾಸಗಿ ವಾಹನ ಬಿಡುವುದಿಲ್ಲ. 1,454 ಮೀಟರ್ ಎತ್ತರದಲ್ಲಿರುವ ದೇವರನ್ನು ನೋಡಲು ಕೆಎಸ್‌ಆರ್‌ಟಿಸಿ ಬಸ್ಸೇ ಗತಿ.

ಸಾಹೇಬರು: ನೋಡಿ ಕಂಡಕ್ಟರ್, ಬದಲಾವಣೆ ಅಂದ್ರೆ ಜನ ಹೆದರ್ತಾರೆ. ಲೀಡರ್ ಆದವನು ಅದನ್ನ ಸ್ವಾಗತಿಸಬೇಕು.

ಕಂಡಕ್ಟರ್: ಸ್ವಾಗತ ಸಾ. ಸ್ವಲ್ಪ ಒಳೀಕ್ ಹೋಗಿ.

ಸಾಹೇಬರು: ನನ್ನ ಕಾರಿನಲ್ಲಿ ಕೂತೇ ಹೋಗ್ತಿದ್ದೆ!

ಕಂಡಕ್ಟರ್: ಮೊದ್ಲು ಕಾರು ಮ್ಯಾಲ್ಗಂಟ ಹೋಯ್ತಿದ್ದೊ. ಈಗ ಇಲ್ಲ. ಇದೂ ಬದ್ಲಾವಣೆನೇ ಅಲ್ವಾ?

ಸಾಹೇಬರು: ಅದು ಬೇರೆ. ಬದಲಾಗಬೇಕಾದ್ದು ಕೆಳಗಿನವರು. ಹೋದ ತಿಂಗಳು ನಲವತ್ತು ಜನರನ್ನ ಹೊಸ ಅವಕಾಶಗಳತ್ತ ಕಳಿಸಿದೆ.

ಕಂಡಕ್ಟರ್: ಅಲ್ಲೇನ್ ಕೆಲ್ಸ ಸಾ?

ಸಾಹೇಬರು: ಅದನ್ನ ಅವರೇ ಹುಡುಕ್ಕೋಬೇಕು.

(ತಿರುವಿನಲ್ಲಿ ಬಸ್ಸು ಗಕ್ಕನೆ ನಿಂತಿತು. ರಸ್ತೆಗೆ ಅಡ್ಡಲಾಗಿ ಆನೆ ಹಿಂಡು. ಮರಿಯೊಂದು ಡಾಂಬರಿನ ಮೇಲೆ ಸೊಂಡಿಲಾಡಿಸುತ್ತ ನಿಂತಿದೆ, ಅದಕ್ಕೆ ಯಾವ ಡೆಡ್‌ಲೈನೂ ಇಲ್ಲ.)

ಸಾಹೇಬರು: ಹಾರ್ನ್ ಹೊಡೀರಿ! ಇದರ ಲೀಡರ್ ಯಾರು?

ಕಂಡಕ್ಟರ್: ಮುಂದಿರೋ ಹಳೇ ಹೆಣ್ಣಾನೆ. ಬರ ಬಂದ್ರೆ ಯಾವ ಕೆರೇಲಿ ನೀರದೆ ಅಂತ ಅದ್ಕೇ ಗೊತ್ತು.

ಸಾಹೇಬರು: ವಯಸ್ಸೆಷ್ಟು?

ಕಂಡಕ್ಟರ್: ಐವತ್ತು ದಾಟಿರ್ಬೌದು.

ಸಾಹೇಬರು: ನಮ್ಮಲ್ಲಾಗಿದ್ರೆ ನಲವತ್ತೈದಕ್ಕೇ ಸ್ವಯಂನಿವೃತ್ತಿ ಕೊಡಿಸಿಬಿಡ್ತಿದ್ವಿ.

ಕಂಡಕ್ಟರ್: ಕೊಡ್ಸಿ ಸಾ. ಡ್ರೈವರಣ್ಣ, ಬಾಗ್ಲು ತಗೀ. ಸಾಹೇಬ್ರು ಲೆಟರ್ ಕೊಟ್ಟು ಬತ್ತಾರಂತೆ.

ಸಾಹೇಬರು: ಬೇಡ ಬೇಡ! ಅಂಥದ್ದೆಲ್ಲ ನಾವು ಮೇಲ್‌ನಲ್ಲೇ ಕಳಿಸೋದು.

ಕಂಡಕ್ಟರ್: ಇಲ್ಲಿ ನೆಟ್‌ವರ್ಕ್ ಸಿಗಕಿಲ್ಲ ಸಾ.