ಮೊದಲ ಪುಟದ ಮಹಾನುಭಾವ

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ವಿಳಾಸ ಅಂದರೆ ಕಂಬ. ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಇಲ್ಲಿಂದ ಹೊರಟು ಆರಾಂಘರ್‌ವರೆಗೆ 11.6 ಕಿಲೋಮೀಟರ್ ನೆಲಕ್ಕಿಳಿಯದೆ ಹೋಗುತ್ತದೆ. ಅದನ್ನು ಹೊತ್ತ ಕಂಬಗಳಿಗೆಲ್ಲ ನಂಬರು ಬರೆದಿದ್ದಾರೆ. ಮನೆ ನಂಬರು, ಪಿನ್‌ಕೋಡು ಯಾರಿಗೂ ಬೇಡ. "ಪಿಲ್ಲರ್ ನಂಬರ್ ಇಂಥಾದ್ದರ ಎದುರು" ಎಂದರೆ ಸಾಕು, ಗೀಸರ್ ರಿಪೇರಿಯವನೂ ಬರುತ್ತಾನೆ, ಹೆಣ್ಣು ನೋಡುವವರೂ ಬರುತ್ತಾರೆ. ಇಂಥ ಊರಿನಲ್ಲಿ "ನಿಮ್ಮ ಅಂಗಡಿ ಯಾರಿಗೂ ಸಿಗ್ತಾ ಇಲ್ಲ" ಎಂದು ಆ ಅಂಗಡಿಯೊಳಗೇ ನಿಂತು ಹೇಳಲು ಧೈರ್ಯ ಬೇಕು. ಆ ಧೈರ್ಯವನ್ನೇ ಬಂಡವಾಳ ಮಾಡಿಕೊಂಡವರು, ಗೂಗಲ್ ಹುಡುಕಾಟದಲ್ಲಿ ಅಂಗಡಿಗಳನ್ನು ಮೇಲೇರಿಸುವ ಎಸ್‌ಇಒ ಸಾಹೇಬರು.

ಸಾಹೇಬರು ಮೂಲತಃ ಬೀದರ್ ಕಡೆಯವರು. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಗಡಿ ಬದಲಾದರೂ ಅಲ್ಲಿನ ಹುಡುಗರು ಬಸ್ಸು ಹತ್ತುವ ದಿಕ್ಕು ಬದಲಾಗಿಲ್ಲ. ಇವರು ಬಂದದ್ದು ಅಮೀರ್‌ಪೇಟೆಯ ಕೋಚಿಂಗ್ ಗಲ್ಲಿಯಲ್ಲಿ ಜಾವಾ ಕಲಿಯಲು. ಜಾವಾ ತಲೆಗೆ ಹತ್ತಲಿಲ್ಲ. ಎದುರು ರೂಮಿನ ಡಿಜಿಟಲ್ ಮಾರ್ಕೆಟಿಂಗ್ ಬಾಯಿಗೆ ಹತ್ತಿತು. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಎರಡು ಫೋನು, ಜೇಬಿನಲ್ಲಿ "ಗೂಗಲ್ ಫಸ್ಟ್ ಪೇಜ್, 100% ಗ್ಯಾರಂಟಿ" ಎಂದು ಅಚ್ಚಾದ ಕಾರ್ಡು. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಸಾಧ್ಯವಿಲ್ಲ ಎಂದು ಗೂಗಲ್ಲೇ ಬರೆದಿದೆಯಲ್ಲ ಎಂದು ಯಾರಾದರೂ ಕೇಳಿದರೆ, "ಅದು ಅವರ ಗ್ಯಾರಂಟಿ ಮಾತಾತು, ಇದು ನಮ್ಮ ಗ್ಯಾರಂಟಿರಿ" ಎನ್ನುತ್ತಾರೆ.

ಸಾಹೇಬರ ಕೈಚಳಕ ನೋಡಬೇಕೆಂದರೆ ಕಂಬದ ಎದುರಿನ ಜೋಳದ ರೊಟ್ಟಿ ಖಾನಾವಳಿಗೆ ಬರಬೇಕು. ಮಾಲೀಕರು ಹುಮನಾಬಾದಿನವರು, ಗಲ್ಲಾಪೆಟ್ಟಿಗೆಯಿಂದ ಕೈ ತೆಗೆಯದ ಮನುಷ್ಯ.

"ಕಾಕಾ, ಈಗ ನೋಡ್ರಿ" ಎಂದು ಸಾಹೇಬರು ಫೋನಿನಲ್ಲಿ "ಜೋಳದ ರೊಟ್ಟಿ ನಿಯರ್ ಮಿ" ಎಂದು ಒತ್ತುತ್ತಾರೆ. ಕಾಕಾನ ಖಾನಾವಳಿ ಎಲ್ಲಕ್ಕಿಂತ ಮೇಲೆ! ಕಾಕಾನ ಮೀಸೆ ಅರಳುತ್ತದೆ. ಇದರ ಗುಟ್ಟು ಬಹಳ ಸರಳ. ಇಂಥ ಹುಡುಕಾಟದಲ್ಲಿ ಗೂಗಲ್ ಮುಖ್ಯವಾಗಿ ಮೂರು ಸಂಗತಿ ನೋಡುತ್ತದೆ: ಕೇಳಿದ್ದಕ್ಕೂ ಅಂಗಡಿಗೂ ಸಂಬಂಧವಿದೆಯೇ, ಎಷ್ಟು ದೂರವಿದೆ, ಎಷ್ಟು ಹೆಸರು ಮಾಡಿದೆ. ಖಾನಾವಳಿಯ ಗಲ್ಲಾದ ಮುಂದೆ ನಿಂತು ಹುಡುಕಿದರೆ ದೂರ ಸೊನ್ನೆ. ಮೇಲೆ ಬಾರದೆ ಎಲ್ಲಿಗೆ ಹೋದೀತು? ಇದೇ ಲೆಕ್ಕದಲ್ಲಿ ರೇತಿಬೌಲಿಯ ಖಾನಾವಳಿ ರೇತಿಬೌಲಿಯಲ್ಲಿ ನಂಬರ್ ಒನ್, ಟೋಲಿಚೌಕಿಯದು ಟೋಲಿಚೌಕಿಯಲ್ಲಿ ನಂಬರ್ ಒನ್. ಇರುವ ಒಂದೇ ಮೊದಲ ಸ್ಥಾನವನ್ನು ಸಾಹೇಬರು ಯಾರಿಗೂ ಮೋಸವಾಗದಂತೆ ಎಲ್ಲರಿಗೂ ಮಾರಿದ್ದಾರೆ.

ಆಮೇಲೆ ವೆಬ್‌ಸೈಟು. ಅದರಲ್ಲಿ ಸಾಹೇಬರ ಸ್ವಂತ ಸಾಹಿತ್ಯ ಹೀಗಿದೆ: "ಮೆಹದಿಪಟ್ಟಣಂನಲ್ಲಿ ಅತ್ಯುತ್ತಮ ಜೋಳದ ರೊಟ್ಟಿ ಬೇಕೆ? ಮೆಹದಿಪಟ್ಟಣಂನ ಅತ್ಯುತ್ತಮ ಜೋಳದ ರೊಟ್ಟಿಗೆ ಮೆಹದಿಪಟ್ಟಣಂನ ಅತ್ಯುತ್ತಮ ಜೋಳದ ರೊಟ್ಟಿ ಖಾನಾವಳಿಯೇ ಮೆಹದಿಪಟ್ಟಣಂನಲ್ಲಿ ಅತ್ಯುತ್ತಮ." ಓದಿದವನಿಗೆ ಹಸಿವು ಸತ್ತು ಬಾಯಾರಿಕೆ ಹುಟ್ಟುತ್ತದೆ. ಸಾಲದ್ದಕ್ಕೆ ಪುಟದ ಕೀವರ್ಡ್ ಟ್ಯಾಗಿನಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಇನ್ನೂರು ಕೀವರ್ಡುಗಳನ್ನು ತುರುಕಿದ್ದಾರೆ. ಆ ಟ್ಯಾಗನ್ನು ರ್‍ಯಾಂಕಿಂಗಿಗೆ ನಾವು ನೋಡುವುದೇ ಇಲ್ಲ ಎಂದು ಗೂಗಲ್ ಹೇಳಿದ್ದು 2009ರ ಸೆಪ್ಟೆಂಬರಿನಲ್ಲಿ. ಮರು ತಿಂಗಳೇ ಈ ಮೇಲ್ಸೇತುವೆ ಉದ್ಘಾಟನೆಯಾಯಿತು. ಸುದ್ದಿ ಸೇತುವೆಯ ಮೇಲೆಯೇ ಹಾದುಹೋಗಿರಬೇಕು, ಕೆಳಗಿನವರಿಗೆ ಇನ್ನೂ ಮುಟ್ಟಿಲ್ಲ.

ರಿವ್ಯೂ ವಿಭಾಗ ಸಾಹೇಬರ ಬಂಧುಬಳಗದ ಉಸ್ತುವಾರಿಯಲ್ಲಿದೆ. ಭಾಲ್ಕಿಯ ಚಿಕ್ಕಮ್ಮ, ಬಸವಕಲ್ಯಾಣದ ಷಡ್ಡಕ, ಔರಾದಿನ ಸೋದರತ್ತೆ ಎಲ್ಲರೂ ಊರಲ್ಲಿ ಕೂತೇ ಐದೈದು ಸ್ಟಾರ್ ಕೊಡುತ್ತಾರೆ. ಆನ್‌ಲೈನ್ ರಿವ್ಯೂಗಳು ಹೇಗಿರಬೇಕೆಂದು ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನೇ ಹೊರಡಿಸಿದೆ. ಚಿಕ್ಕಮ್ಮನ ಕೈಗೆ ಅದು ಸಿಕ್ಕಿಲ್ಲ. ಶುದ್ಧ ಸಸ್ಯಾಹಾರಿ ಖಾನಾವಳಿಗೆ ಆಕೆ "ಮಟನ್ ಬಿರಿಯಾನಿ ಸೂಪರ್" ಎಂದು ಬರೆದಳು. ಅದನ್ನು ನಂಬಿ ಬಂದ ನಾಲ್ವರು ಬದನೆಕಾಯಿ ಎಣ್ಣೆಗಾಯಿ ನೋಡಿ ಎದ್ದು ಹೋಗಿ, ಒಂದೊಂದು ಸ್ಟಾರ್ ಕೊಟ್ಟು ಋಣ ತೀರಿಸಿದರು.

ಒಂದು ದಿನ ಖಾನಾವಳಿಯ ಗೂಗಲ್ ಪ್ರೊಫೈಲೇ ಮಾಯ. ಬೋರ್ಡಿನಲ್ಲಿ ಇಲ್ಲದ ಹೆಸರನ್ನು ಗೂಗಲ್‌ನಲ್ಲಿ ಹಾಕಬಾರದೆಂಬ ನಿಯಮವಿದೆ. ಸಾಹೇಬರು ಖಾನಾವಳಿಗೆ "ಬೆಸ್ಟ್ ಜೋಳದ ರೊಟ್ಟಿ ಮೆಸ್ ಟಿಫಿನ್ ಕೇಟರಿಂಗ್ ನಿಯರ್ ಮಿ" ಎಂದು ನಾಮಕರಣ ಮಾಡಿದ್ದರು. ಕಾಕಾ ಕೆಂಡವಾದರು. ಸಾಹೇಬರು ಮಾತ್ರ ಅಲುಗಲಿಲ್ಲ.

"ಅಲ್ಗಾರಿದಮ್ ಬದಲಾಗ್ಯದ್ರಿ ಕಾಕಾ. 2011ರಾಗ ಪಾಂಡಾ ಬಂತು, 2012ರಾಗ ಪೆಂಗ್ವಿನ್ ಬಂತು. ಎಂಥೆಂಥಾ ಕಂಪನಿನೇ ಮಲಗಿಬಿಟ್ವು."

"ಪಾಂಡಾನ? ಜೂ ಪಾರ್ಕಿಂದ ತಪ್ಪಿಸ್ಕೊಂಡದೇನು?"

"ಹಂಗಲ್ರಿ, ಅದು ಗೂಗಲ್ಲಿನ ಪಾಂಡಾ."

"ಯಾರದರೆ ಇರ್ಲಿ, ನನ್ನ ರೊಟ್ಟಿಗೆ ಯಾಕ ಬಾಯಿ ಹಾಕ್ತು?"

ತಿಂಗಳ ಕೊನೆಗೆ ವರದಿ ಬರುತ್ತದೆ. ಹದಿನೆಂಟು ಪುಟ, ಬಣ್ಣಬಣ್ಣದ ಗ್ರಾಫು. "ಇಂಪ್ರೆಷನ್ ಒಂಬತ್ತು ಸಾವಿರ ದಾಟ್ಯಾವ್ರಿ" ಎಂದು ಸಾಹೇಬರು ಬೆರಳಿಟ್ಟು ತೋರಿಸುತ್ತಾರೆ. ಕಾಕಾ ಕನ್ನಡಕ ಏರಿಸಿ ಕೇಳುತ್ತಾರೆ: "ತಮ್ಮಾ, ನೋಡಿ ಹೋದವರ ಲೆಕ್ಕ ತಂದೀದಿ. ಉಂಡು ಹೋದವರ ಲೆಕ್ಕ ಯಾವ ಪುಟದಾಗದ?"

ಇಷ್ಟೆಲ್ಲ ಇದ್ದೂ ಸಾಹೇಬರು ಶುದ್ಧ ಲಫಂಗರಲ್ಲ; ತಮಾಷೆಯಿರುವುದೇ ಅಲ್ಲಿ. ಹೋದ ಪ್ರೊಫೈಲನ್ನು ಗೂಗಲ್‌ಗೆ ಅರ್ಜಿ ಹಾಕಿ ಮರಳಿ ತಂದಾಗ ಅವರು ಒಮ್ಮೆ ಕಣ್ಣಿಟ್ಟು ನೋಡಿದರು. ಮ್ಯಾಪಿನ ಪಿನ್ನು ರಸ್ತೆಯ ಆಚೆ ಬದಿಗೆ ಬಿದ್ದಿತ್ತು; ಉಣ್ಣಲು ಹೊರಟವರು ಯೂ-ಟರ್ನ್ ಹುಡುಕುವಷ್ಟರಲ್ಲಿ ಬೇರೆ ಹೋಟೆಲಿನಲ್ಲಿ ಕೈ ತೊಳೆಯುತ್ತಿದ್ದರು. ಫೋನ್ ನಂಬರು ಕಾಕಾ ಎಂದೋ ಬಿಸಾಡಿದ ಸಿಮ್ಮಿನದು. ಸೋಮವಾರದ ರಜೆ ಎಲ್ಲೂ ನಮೂದಾಗಿರಲಿಲ್ಲ. ಸಾಹೇಬರು ಪಿನ್ನು ಸರಿಸಿದರು, ನಂಬರು ತಿದ್ದಿದರು, ಬೋರ್ಡಿನದೂ ರೊಟ್ಟಿ ತಟ್ಟುವ ಅವ್ವನದೂ ಫೋಟೊ ಹಾಕಿದರು. ಹತ್ತೇ ನಿಮಿಷ. ಮುಂದಿನ ವಾರ ಮಧ್ಯಾಹ್ನ ಕುರ್ಚಿ ಸಾಲಲಿಲ್ಲ.

ಸಾಹೇಬರು ನಿಜವನ್ನೇ ಹೇಳಿದರು: "ಪಿನ್ನು, ನಂಬರು ಸರಿ ಮಾಡೀನಿ ಕಾಕಾ, ಎರಡು ಸಾವಿರ ಕೊಡ್ರಿ."

"ನಂಬರು ಬರಿಯೋಕ ಎರಡು ಸಾವಿರ? ಬೋರ್ಡಿಗೆ ಪೇಂಟರು ನೂರು ರೂಪಾಯಿಗೆ ಬರೀತಾನ!"

ಸಾಹೇಬರು ಒಂದು ಗುಟುಕು ಮಜ್ಜಿಗೆ ಕುಡಿದು, ಬಿಲ್ಲು ಹರಿದು, ಹೊಸದು ಬರೆದರು: "ಲೋಕಲ್ ಅಲ್ಗಾರಿದಮ್ ಆಪ್ಟಿಮೈಸೇಶನ್, ಆರು ತಿಂಗಳು, ಹನ್ನೆರಡು ಸಾವಿರ. ಪಿನ್ನು, ನಂಬರು ಫ್ರೀ." ಕಾಕಾ ಎರಡು ಸಲ ಓದಿ, ಸಾವಿರ ರೂಪಾಯಿ ಚೌಕಾಶಿ ಮಾಡಿ, ಹನ್ನೊಂದು ಸಾವಿರ ಎಣಿಸಿದರು. ಫ್ರೀ ಸಿಕ್ಕದ್ದಕ್ಕೆ ಬಹಳ ಖುಷಿ.

ಪಕ್ಕದ ಅಂಗಡಿಯ ಶೇರ್ವಾನಿ ಟೈಲರು ಟೇಪನ್ನು ಕೊರಳಿಗೆ ಸುತ್ತಿಕೊಂಡೇ ಓಡಿಬಂದ: "ಭಾಯ್, ಓ ಅಲ್ಗಾರಿದಮ್ ಹಮಾರೇ ಕು ಭೀ ಡಾಲ್ ದೋ!"

ಸಾಹೇಬರು ಅವನ ಅಂಗಡಿಯನ್ನು ಮೇಲಿಂದ ಕೆಳಗೆ ಅಳೆದು ನೋಡಿದರು. "ನಿಮ್ದು ಶೇರ್ವಾನಿ, ಭಾಯ್. ಬಟ್ಟೆ ಉದ್ದ ಹೋಗ್ತದ, ಹದಿನೈದು ಆಗ್ತದ."