ಏಸಿ ಸಾಹೇಬರ ಪಗಾರ

ಎಲೆಕ್ಟ್ರಿಕ್ ಕಾರು ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆಂದು ಅಳೆಯುವ ಡಬ್ಲ್ಯುಎಲ್‌ಟಿಪಿ ಎಂಬ ಪರೀಕ್ಷೆ ನಡೆಯುವುದು 23 ಡಿಗ್ರಿಯಲ್ಲಿ, ಅದೂ ಏಸಿ ಬಂದ್ ಮಾಡಿ. 23 ಡಿಗ್ರಿಗೆ ಜಮಖಂಡಿಯ ಅಜ್ಜಂದಿರು ಕಿವಿಗೆ ಮಫ್ಲರ್ ಸುತ್ತುತ್ತಾರೆ. ಆ ಹವೆಯಲ್ಲಿ ಏಸಿ ಯಾರಿಗೆ ಬೇಕಿತ್ತು? ನಮಗೆ ಬೇಕಾಗುವುದು ಪಾರಾ 40 ದಾಟಿದಾಗ. ಈ ಬಿಸಿಲಿಗೆ ಸರ್ಕಾರವೇ ಕೈಮುಗಿದು, ಏಪ್ರಿಲ್-ಮೇನಲ್ಲಿ ಬಾಗಲಕೋಟೆ ಜಿಲ್ಲೆಯ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆಸಿ ಮಧ್ಯಾಹ್ನ 1.30ಕ್ಕೆ ಮುಚ್ಚಿಸುವ ರೂಢಿ ಇಟ್ಟುಕೊಂಡಿದೆ. ಕಾರಿನ ಸರ್ಟಿಫಿಕೇಟಿಗೆ ಮಾತ್ರ ಸೂರ್ಯನ ಪರಿಚಯವೇ ಇಲ್ಲ.

ಅಮೆರಿಕದ ವಾಹನ ಸಂಘ ಎಎಎ 2019ರಲ್ಲಿ 35 ಡಿಗ್ರಿಯಲ್ಲಿ ಏಸಿ ಹಚ್ಚಿ ನೋಡಿತು. ಓಡುವ ದೂರ ಸರಾಸರಿ ನೂರಕ್ಕೆ 17ರಷ್ಟು ಕುಸಿಯಿತು. 35 ಅವರಿಗೆ ಕಡುಬೇಸಿಗೆ. ಬೀಳಗಿಯಲ್ಲಿ ಅದು ಮೇ ತಿಂಗಳ ಸಂಜೆ. ಕಟ್ಟೆಯ ಮೇಲೆ ಕೂತವರು "ಇವತ್ತ ಸ್ವಲ್ಪ ತಂಪೈತ್ರಿ" ಅನ್ನುವ ಹೊತ್ತು.

ಕಾರಿನೊಳಗಿನ ಜಗಳ ಕೂಲಿಯದು. ಮೋಟಾರು ರಬಕವಿ-ಬನಹಟ್ಟಿಯ ಮಗ್ಗದವರ ಹಾಗೆ: ನೇಯ್ದಷ್ಟು ಸೀರೆಗೆ ಮಜೂರಿ, ಓಡಿದಷ್ಟು ಕಿಲೋಮೀಟರಿಗೆ ಕರೆಂಟು. ಏಸಿಯದು ಸಾಹೇಬರ ಪಗಾರ: ಗಾಡಿ ಓಡಲಿ, ನಿಲ್ಲಲಿ, ಹೊತ್ತು ಕಳೆದರೆ ಸಾಕು, ಎಣಿಸಿಕೊಳ್ಳುತ್ತದೆ. ಬಿಸಿಲಲ್ಲಿ ಕಾದ ಕಾರನ್ನು ತಣಿಸುವಾಗ ಎರಡು-ಮೂರು ಕಿಲೋವ್ಯಾಟ್ ಎಳೆಯಬಹುದು, ತಣಿದ ಮೇಲೆ ಒಂದರ ಆಸುಪಾಸು. ಹೈವೇಯಲ್ಲಿ ಬಿರುಸಾಗಿ ಹೋದರೆ ಇದೇನೂ ಭಾರವಲ್ಲ. ಸಂತೆಯ ದಿನ ಎಮ್ಮೆಗಳ ಹಿಂದೆ ತೆವಳಿದರೆ ಭಾರ. ಐದು ನಿಮಿಷ ಓಡಿಸಿ, ಅರ್ಧ ತಾಸು ಬಿಸಿಲಿಗಿಟ್ಟು, ಮತ್ತೆ ತಣಿಸುವ ಪೇಟೆ ತಿರುಗಾಟವಂತೂ ಎಲ್ಲಕ್ಕಿಂತ ದುಬಾರಿ.

ಬ್ಯಾಟರಿಗೂ ಸೆಕೆ ಆಗುತ್ತದೆ. ದ್ರವ ಹರಿಸಿ ಬ್ಯಾಟರಿ ತಣಿಸುವ ಕಾರುಗಳಲ್ಲಿ ಆ ಕೆಲಸವೂ ಏಸಿಯ ಅದೇ ಕಂಪ್ರೆಸರ್‌ನದು. ನಡು ಮಧ್ಯಾಹ್ನ ಫಾಸ್ಟ್ ಚಾರ್ಜಿಗೆ ಹಚ್ಚಿ ಒಳಗೆ ಕೂತರೆ ಮೊದಲ ಪಂಕ್ತಿ ಬ್ಯಾಟರಿಗೆ; ರೊಕ್ಕ ಕೊಟ್ಟವರು ಎರಡನೆಯದಕ್ಕೆ ಕಾಯಬೇಕು.

ಮುಧೋಳದ ಸಾವ್ಕಾರ್ರೊಬ್ಬರು ಪರಿಹಾರ ಕಂಡುಕೊಂಡಿದ್ದಾರೆ. ಹದಿನೈದು ಲಕ್ಷದ ಕಾರಿನ ನಾಲ್ಕೂ ಗಾಜು ಇಳಿಸಿ, ತಲೆಗೆ ಹಸಿ ಟಾವೆಲ್ ಸುತ್ತಿಕೊಂಡು ಹೊರಡುತ್ತಾರೆ.

"ಸಾವ್ಕಾರ್ರ, ಏಸಿ ಯಾಕ ಬಂದ್ ಮಾಡೀರಿ?"

"ಬಾಗಲಕೋಟಿ ಮುಟ್ಟಬೇಕಲ್ಲೋ ತಮ್ಮಾ!"

ಮುಟ್ಟಲು ಬೇಕಾದ್ದರ ಮೂರು ಪಟ್ಟು ಕರೆಂಟು ಬ್ಯಾಟರಿಯಲ್ಲಿದೆ. ಆದರೆ ಏಸಿ ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ 240 ಇದ್ದದ್ದು 205 ಆಗುತ್ತದೆ. ಬಡ್ಡಿ ವ್ಯವಹಾರದವರು ಎಂಥ ಬಿಸಿಲನ್ನಾದರೂ ತಡೆದಾರು, ಕಣ್ಣೆದುರೇ ಅಂಕಿ ಇಳಿಯುವುದನ್ನು ತಡೆಯಲಾರರು.

ಇಷ್ಟಾಗಿ ಈ ಕಾರಿನ ಏಸಿ ನಿಂತಲ್ಲೇ ಶೂರ. ಪೆಟ್ರೋಲ್ ಕಾರಾದರೆ ಎಂಜಿನ್ ಉರಿಯುತ್ತಿರಬೇಕು. ಇದಕ್ಕೆ ಬ್ಯಾಟರಿ ಸಾಕು. 30 ಯೂನಿಟ್ ತುಂಬಿದ್ದರೆ ರಾತ್ರಿಯಿಡೀ ತಂಪು ಮಾಡಿಯೂ ಅರ್ಧಕ್ಕಿಂತ ಹೆಚ್ಚು ಉಳಿದೀತು. ಇದು ಮೊದಲು ಹೊಳೆದದ್ದು ಸಾವ್ಕಾರ್ತಿಗೆ. ಮೊನ್ನೆ ರಾತ್ರಿ ಓಣಿಯ ಕರೆಂಟು ಹೋದದ್ದೇ ತಡ, ಮನೆಮಂದಿಯೆಲ್ಲ ದಿಂಬು ಸಮೇತ ಅಂಗಳದ ಕಾರು ಹತ್ತಿ ಬಾಗಿಲು ಹಾಕಿಕೊಂಡರು. ಪಕ್ಕದ ಮನೆಯ ಹುಡುಗ ಗಾಜು ಬಡಿದ.

"ಕಾಕೂ, ಇಷ್ಟೊತ್ತಿನ್ಯಾಗ ಎಲ್ಲಿಗೆ ಹೊಂಟೀರಿ?"

"ಎಲ್ಲಿಗೂ ಇಲ್ಲೋ. ಕರೆಂಟ್ ಬಂದ ಮ್ಯಾಲ ಇಳೀತೀವಿ. ಸರಿ ಆಚೆ, ಗಾಜು ಏರಿಸ್ತೀನಿ, ತಂಪು ಹೊರಗ ಹೊಂಟೈತಿ."