ಪ್ರೇಕ್ಷಕಪ್ರಮಾಣ ವಿಚಾರ

ನಮ್ಮ ನೈಯಾಯಿಕರು ಪ್ರಮಾಣಗಳು ನಾಲ್ಕೇ ಎಂದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಭಾಟ್ಟ ಮೀಮಾಂಸಕರು ಅಷ್ಟಕ್ಕೆ ತೃಪ್ತರಾಗದೆ ಅರ್ಥಾಪತ್ತಿ, ಅನುಪಲಬ್ಧಿಗಳನ್ನು ಸೇರಿಸಿ ಆರು ಮಾಡಿದರು. (ಸಂಭವ, ಐತಿಹ್ಯ ಸೇರಿಸಿ ಎಂಟೆನ್ನುವ ಪೌರಾಣಿಕರೂ ಇದ್ದಾರೆ, ಅವರ ಜಗಳ ಈಗ ಬೇಡ.) ಇವರಾರಿಗೂ ಹೊಳೆಯದ ಒಂದು ಪ್ರಮಾಣಕ್ಕಾಗಿ ಶಾಸ್ತ್ರಲೋಕ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ವರೆಗೆ ಕಾಯಬೇಕಾಯಿತು. ಅದಕ್ಕೆ ಪ್ರೇಕ್ಷಕಪ್ರಮಾಣ ಎಂದು ಹೆಸರಿಡೋಣ. ಲಕ್ಷಣ ಇಷ್ಟೇ: ಒಬ್ಬರು ಕ್ಷೇಮವಾಗಿದ್ದಾರೋ ಇಲ್ಲವೋ ಎಂಬ ಸಂಶಯ ಹುಟ್ಟಿದಾಗ, ಅವರನ್ನು ಚಳಿಗಾಲದ ಆಟವೊಂದರ ಗ್ಯಾಲರಿಯಲ್ಲಿ ಕೂರಿಸಿದರೆ ಸಂಶಯ ನಿವಾರಣೆಯಾಗುತ್ತದೆ.

ಲಕ್ಷಣಕ್ಕೆ ಲಕ್ಷ್ಯ ಬೇಕಲ್ಲ. ಪೆಂಗ್ ಶುವಾಯ್ ಚೀನಾದ ಟೆನಿಸ್ ಆಟಗಾರ್ತಿ. ತೈವಾನಿನ ಶೇ ಸು-ವೇಯ್ ಜೊತೆಗೂಡಿ 2013ರ ವಿಂಬಲ್ಡನ್, 2014ರ ಫ್ರೆಂಚ್ ಓಪನ್ ಡಬಲ್ಸ್ ಗೆದ್ದವರು, ಡಬಲ್ಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿದವರು. 2021ರ ನವೆಂಬರ್ 2ರಂದು ಅವರ ವೀಬೊ ಖಾತೆಯಲ್ಲಿ ಒಂದು ದೀರ್ಘ ಬರಹ ಕಾಣಿಸಿಕೊಂಡಿತು. ಮಾಜಿ ಉಪಪ್ರಧಾನಿ ಜಾಂಗ್ ಗಾವೊಲಿ ತಮ್ಮನ್ನು ಲೈಂಗಿಕ ಸಂಬಂಧಕ್ಕೆ ಒತ್ತಾಯಿಸಿದ್ದರು ಎಂಬುದು ಅದರಲ್ಲಿದ್ದ ಆರೋಪ. ಈ ಜಾಂಗ್ ಅಧಿಕಾರದಲ್ಲಿದ್ದಾಗ ಇದೇ ಬೀಜಿಂಗ್ ಒಲಿಂಪಿಕ್ಸ್ ಸಿದ್ಧತೆಯ ಉಸ್ತುವಾರಿ ತಂಡದ ಮುಖ್ಯಸ್ಥರಾಗಿದ್ದರು. ಅದು ಅಡಿಟಿಪ್ಪಣಿಗೆ ಹೋಗಬೇಕಾದ ವಿಷಯ, ಅಡಿಟಿಪ್ಪಣಿ ಇಲ್ಲದ್ದರಿಂದ ಇಲ್ಲೇ ಹೇಳಬೇಕಾಯಿತು. ಸುಮಾರು ಅರ್ಧ ಗಂಟೆಯಲ್ಲಿ ಬರಹ ಮಾಯವಾಯಿತು. ಚೀನಾದ ಜಾಲತಾಣಗಳಲ್ಲಿ ಪೆಂಗ್ ಹೆಸರಿನ ಹುಡುಕಾಟಕ್ಕೂ ತಡೆ ಬಿತ್ತು. ಇದು ಅನುಪಲಬ್ಧಿಯ ಶುದ್ಧ ಪ್ರಯೋಗ: ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ, ಹುಡುಕಿದಾಗ ಬರಹ ಸಿಗದಿದ್ದರೆ ಬರಹವಿಲ್ಲ, ಬರಹವಿಲ್ಲದ ಮೇಲೆ ಆರೋಪ ಎಲ್ಲಿಂದ ಬಂತು? ತೊಡಕಾದದ್ದು ಒಂದೇ. ಬರಹದ ಜೊತೆಗೆ ಬರೆದವರೂ ಕಾಣದಾದರು, ಅವರೆಲ್ಲಿ ಎಂದು ಹೊರದೇಶದ ಟೆನಿಸ್ ಆಟಗಾರರು ಕೇಳತೊಡಗಿದರು.

ಹಳೆಯ ಪ್ರಮಾಣಗಳನ್ನು ಪ್ರಯತ್ನಿಸದೆ ಹೊಸದಕ್ಕೆ ಕೈಹಾಕಿದರು ಎಂದು ಯಾರೂ ದೂರುವಂತಿಲ್ಲ. ಮೊದಲು ಶಬ್ದ. ನವೆಂಬರ್ 17ರಂದು ಸರ್ಕಾರಿ ವಾಹಿನಿ ಸಿಜಿಟಿಎನ್ ಒಂದು ಇಮೇಲ್‌ನ ಚಿತ್ರ ಪ್ರಕಟಿಸಿತು: ಮಹಿಳಾ ಟೆನಿಸ್ ಸಂಸ್ಥೆಯ ಮುಖ್ಯಸ್ಥ ಸ್ಟೀವ್ ಸೈಮನ್ ಅವರಿಗೆ ಪೆಂಗ್ ಬರೆದದ್ದಂತೆ, ಆರೋಪ ನಿಜವಲ್ಲವಂತೆ, ಮನೆಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾರಂತೆ. ಆ ಚಿತ್ರದಲ್ಲಿ ಸಾಲಿನ ನಡುವೆ ಕರ್ಸರ್ ಒಂದು ನಿಂತೇ ಇತ್ತು. ಬರೆದು ಕಳಿಸಿಯಾದ ಪತ್ರದಲ್ಲಿ ಕರ್ಸರಿಗೇನು ಕೆಲಸ ಎಂದು ಅರಸಿಕರು ಕೇಳಿದರು. ಪತ್ರ ಆಕೆಯದೇ ಎಂದು ನಂಬುವುದು ಕಷ್ಟ ಎಂದು ಸೈಮನ್ ಕೂಡ ಹೇಳಿಬಿಟ್ಟರು. ಆಮೇಲೆ ಪ್ರತ್ಯಕ್ಷ: ಬೆಕ್ಕಿನ ಜೊತೆಗಿನ ಫೋಟೊ, ಅದರ ಬೆನ್ನಿಗೇ ಹೋಟೆಲಿನಲ್ಲಿ ಊಟಕ್ಕೆ ಕೂತ ವಿಡಿಯೊ. ವಿಡಿಯೊದಲ್ಲಿ ಒಬ್ಬರು ಮಾತಿನ ನಡುವೆ ನಾಳೆ ನವೆಂಬರ್ 20 ಅಲ್ಲವೇ ಎನ್ನುತ್ತಾರೆ. ಇನ್ನೊಬ್ಬರು ಅಲ್ಲ, 21 ಎಂದು ತಿದ್ದುತ್ತಾರೆ. ಊಟದ ಹೊತ್ತಿಗೆ ಪಂಚಾಂಗಶ್ರವಣ ಮಾಡುವುದು ನಮ್ಮಲ್ಲಿ ಯುಗಾದಿಯ ದಿನಕ್ಕಷ್ಟೇ ಸೀಮಿತ. ನವೆಂಬರ್ 21ರಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಥಾಮಸ್ ಬಾಕ್ ವಿಡಿಯೊ ಕರೆಯಲ್ಲಿ ಪೆಂಗ್ ಜೊತೆ ಅರ್ಧ ಗಂಟೆ ಮಾತಾಡಿದರು. ಸಮಿತಿ ಆ ವಿಡಿಯೊವನ್ನು ಹೊರಗೆ ಬಿಡಲಿಲ್ಲ, ಅದರದೊಂದು ಸ್ಥಿರಚಿತ್ರ ಕೊಟ್ಟಿತು. ಹೊಸ ಪ್ರಮಾಣದ ಬೀಜ ಇಲ್ಲಿದೆ. ಮಾತು ಸಂಶಯವನ್ನು ಬೆಳೆಸುತ್ತದೆ, ಚಿತ್ರ ಬೆಳೆಸುವುದಿಲ್ಲ. ಆದ್ದರಿಂದ ಕ್ಷೇಮವಾಗಿರುವವರು ಏನನ್ನೂ ಹೇಳಬೇಕಿಲ್ಲ, ಏನನ್ನಾದರೂ ನೋಡುತ್ತಿದ್ದರಾಯಿತು.

ಏನನ್ನು ನೋಡಬೇಕು? ಡಿಸೆಂಬರ್ 19ರಂದು ಶಾಂಘೈಯ ಕ್ರಾಸ್-ಕಂಟ್ರಿ ಸ್ಕೀಯಿಂಗ್ ಕಾರ್ಯಕ್ರಮವೊಂದರಲ್ಲಿ ಪೆಂಗ್ ಅವರು ಬ್ಯಾಸ್ಕೆಟ್‌ಬಾಲ್‌ನ ಯಾವ್ ಮಿಂಗ್ ಜೊತೆ ಕಾಣಿಸಿಕೊಂಡರು. ಯಾವ್ ಏಳೂವರೆ ಅಡಿ ಎತ್ತರದವರು. ಅವರ ಪಕ್ಕದಲ್ಲಿ ನಿಂತವರು ಕಾಣೆಯಾಗಿದ್ದಾರೆ ಎನ್ನಲು ಬಹಳ ಧೈರ್ಯ ಬೇಕು. ಪ್ರಮಾಣ ಪ್ರೌಢಾವಸ್ಥೆಗೆ ಬಂದದ್ದು ಮಾತ್ರ ಬೀಜಿಂಗ್‌ನಲ್ಲಿ. ಫೆಬ್ರವರಿ 5ರಂದು ಬಾಕ್ ಜೊತೆ ಊಟ, ಅದೇ ದಿನ ಚೀನಾ–ನಾರ್ವೆ ಮಿಶ್ರ ಡಬಲ್ಸ್ ಕರ್ಲಿಂಗ್ ಪಂದ್ಯ. ಕರ್ಲಿಂಗ್‌ನ ಆಯ್ಕೆಯಲ್ಲೇ ಪಾಂಡಿತ್ಯವಿದೆ. ಸುಮಾರು 20 ಕಿಲೊ ತೂಗುವ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಬಿಡುತ್ತಾರೆ. ಬಿಟ್ಟ ಮೇಲೆ ಕಲ್ಲನ್ನು ಮುಟ್ಟುವಂತಿಲ್ಲ. ಅದರ ಮುಂದಿನ ಹಾದಿಯನ್ನು ಬ್ರಷ್ಷಿನಿಂದ ಉಜ್ಜಿ ನುಣುಪು ಮಾಡಬಹುದು, ಅಷ್ಟೇ. ಒಲಿಂಪಿಕ್ ಸಮಿತಿ ಮೌನ ರಾಜತಾಂತ್ರಿಕತೆ ಎಂದು ಹೆಸರಿಟ್ಟುಕೊಂಡ ವಿಧಾನವೂ ಇದೇ. ಪಂದ್ಯ ನಡೆದ ಐಸ್ ಕ್ಯೂಬ್ 2008ರಲ್ಲಿ ವಾಟರ್ ಕ್ಯೂಬ್ ಆಗಿತ್ತು. ಪೆಂಗ್ ಜೊತೆಗೆ ಬಂದಿದ್ದ ಸಮಿತಿ ಸದಸ್ಯೆ ಕಿರ್ಸ್ಟಿ ಕವೆಂಟ್ರಿ ಆಗ ಅಲ್ಲೇ ಈಜಿ ಜಿಂಬಾಬ್ವೆಗೆ ಚಿನ್ನ ತಂದವರು. ನೀರೇ ಗಟ್ಟಿಯಾದ ಕಟ್ಟಡದಲ್ಲಿ ವದಂತಿ ತಣ್ಣಗಾಗದೆ ಇದ್ದೀತೇ? ಫೆಬ್ರವರಿ 8ರಂದು ಶೌಗಾಂಗ್‌ನ ಹಳೆಯ ಉಕ್ಕಿನ ಕಾರ್ಖಾನೆಯ ಆವರಣದಲ್ಲಿ ಐಲೀನ್ ಗು ಕೊನೆಯ ಜಿಗಿತದಲ್ಲಿ ಗಾಳಿಯಲ್ಲೇ ನಾಲ್ಕೂವರೆ ಸುತ್ತು ತಿರುಗಿ ಬಿಗ್ ಏರ್ ಚಿನ್ನ ಗೆದ್ದಾಗಲೂ ಪೆಂಗ್ ಗ್ಯಾಲರಿಯಲ್ಲಿದ್ದರು.

ಈ ಪ್ರಮಾಣದ ಬಲವೆಲ್ಲ ವ್ಯಾಪ್ತಿಯಲ್ಲಿದೆ. ಪಂಚಾವಯವ ವಾಕ್ಯದಲ್ಲಿ ಹೇಳುವುದಾದರೆ: ಈಕೆ ಕ್ಷೇಮ, ಗ್ಯಾಲರಿಯಲ್ಲಿರುವುದರಿಂದ, ಯಾರು ಯಾರು ಗ್ಯಾಲರಿಯಲ್ಲಿರುವರೋ ಅವರೆಲ್ಲ ಕ್ಷೇಮ, ಪಕ್ಕದ ಸೀಟಿನವರಂತೆ, ಈಕೆಯೂ ಹಾಗೆಯೇ ಗ್ಯಾಲರಿಯಲ್ಲಿದ್ದಾರೆ, ಆದ್ದರಿಂದ ಕ್ಷೇಮ. ಹೊಗೆ ಕಂಡು ಬೆಂಕಿ ಊಹಿಸುವ ಹಳೆಯ ಉದಾಹರಣೆಯಲ್ಲಿ ವ್ಯಾಪ್ತಿ ಕೆಡುವ ಭಯ ಇದ್ದೇ ಇತ್ತು, ಏಕೆಂದರೆ ಆ ಬೆಟ್ಟಕ್ಕೆ ಯಾರು ಬೇಕಾದರೂ ಹತ್ತಿ ನೋಡಬಹುದಿತ್ತು. ಬೀಜಿಂಗ್‌ನಲ್ಲಿ ಆ ಭಯವಿರಲಿಲ್ಲ. ವಿದೇಶಿ ಪ್ರೇಕ್ಷಕರಿಗೆ ಪ್ರವೇಶವಿಲ್ಲವೆಂದು 2021ರ ಸೆಪ್ಟೆಂಬರಿನಲ್ಲೇ ತೀರ್ಮಾನವಾಗಿತ್ತು. 2022ರ ಜನವರಿಯಲ್ಲಿ, ಕೋವಿಡ್ ಕಾರಣಕ್ಕೆ, ಸ್ವದೇಶಿಗಳಿಗೆ ಟಿಕೆಟ್ ಮಾರುವುದನ್ನೂ ಕೈಬಿಟ್ಟರು. ಕರೆ ಬಂದವರು ಮಾತ್ರ ಒಳಗೆ. ತಾನಾಗಿ ಬಂದವನು ಒಬ್ಬನೂ ಇಲ್ಲದ ಗ್ಯಾಲರಿಯಲ್ಲಿ ಅಪವಾದಕ್ಕೆ ಸೀಟೇ ಇರುವುದಿಲ್ಲ.

ಪೂರ್ವಪಕ್ಷಿಗಳು ಸುಮ್ಮನಿರುವವರಲ್ಲ. ಕೂತದ್ದು ನಿಜ, ಒತ್ತಡಕ್ಕೆ ಕೂತಿರಬಹುದಲ್ಲ ಎನ್ನುತ್ತಾರೆ. ಇದಕ್ಕೆ ಸಮಿತಿಯ ವಕ್ತಾರರೇ ಉತ್ತರ ಕೊಟ್ಟಿದ್ದಾರೆ: ಆಕೆ ಒತ್ತಡದಲ್ಲಿದ್ದಾರೋ ಇಲ್ಲವೋ ಎಂದು ತೀರ್ಮಾನಿಸುವುದು ತಮ್ಮ ಕೆಲಸವಲ್ಲ. ಒಪ್ಪತಕ್ಕ ಮಾತು, ಕ್ಷೇಮವನ್ನು ಸಾಬೀತು ಮಾಡುವವರು ಕ್ಷೇಮದ ಬಗ್ಗೆ ವಿಚಾರಿಸಲು ಹೊರಟರೆ ಪಕ್ಷಪಾತವಾಗುತ್ತದೆ. ಹಾಗಾದರೆ ಆಕೆಯನ್ನೇ ಕೇಳಿ ಎಂದರೆ, ಫ್ರಾನ್ಸಿನ ಲೆಕಿಪ್ ಪತ್ರಿಕೆ ಕೇಳಿತು ಕೂಡ. ಪ್ರಶ್ನೆಗಳನ್ನು ಮೊದಲೇ ಕೊಡಬೇಕು, ಉತ್ತರಗಳನ್ನು ಹೇಳಿದಂತೆಯೇ ಅಚ್ಚು ಹಾಕಬೇಕು ಎಂಬ ಷರತ್ತಿತ್ತು. ಅನುವಾದಕ್ಕೆ ಕೂತವರು ಚೀನಾ ಒಲಿಂಪಿಕ್ ಸಮಿತಿಯ ಅಧಿಕಾರಿ. ಎಲ್ಲವೂ ದೊಡ್ಡ ತಪ್ಪುಗ್ರಹಿಕೆ, ಬರಹವನ್ನು ಅಳಿಸಿದ್ದು ತಾವೇ, ಅಳಿಸಬೇಕೆನಿಸಿತು ಎಂಬ ಉತ್ತರ ಬಂತು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಊಹಿಸುವುದು ಅರ್ಥಾಪತ್ತಿ. ಅದೇ ಜಾಡಿನಲ್ಲಿ, ಇಷ್ಟೊಂದು ಏರ್ಪಾಡು ಬೇಕಾಗಿದ್ದರೆ ಹಿಂದೆ ಇನ್ನೇನೋ ಇರಲೇಬೇಕು ಎನ್ನುವವರಿದ್ದಾರೆ. ಅವರಿಗೆ ನಮ್ಮ ಸಮಾಧಾನ: ದೇವದತ್ತನನ್ನು ರಾತ್ರಿ ಹೊತ್ತು ನೋಡಲು ಯಾರಿಗೂ ಅನುಮತಿ ಇಲ್ಲ.

ಗಟ್ಟಿಯಾದ ಆಕ್ಷೇಪ ಮೆಲ್ಬರ್ನ್‌ನದು. ಅದೇ ಜನವರಿಯ ಆಸ್ಟ್ರೇಲಿಯನ್ ಓಪನ್‌ಗೆ, ಪೆಂಗ್ ಶುವಾಯ್ ಎಲ್ಲಿ ಎಂದು ಬರೆದ ಟೀ ಶರ್ಟ್ ತೊಟ್ಟು ಬಂದವರನ್ನು ಭದ್ರತಾ ಸಿಬ್ಬಂದಿ ತಡೆದರು, ಬ್ಯಾನರ್ ಕಿತ್ತುಕೊಂಡರು. ಟೀಕೆ ಜೋರಾದ ಮೇಲೆ ಸಂಘಟಕರು ಟೀ ಶರ್ಟಿಗೆ ಒಪ್ಪಿದರು. ಪ್ರೇಕ್ಷಕರೆಲ್ಲ ಕ್ಷೇಮವೆಂಬ ವ್ಯಾಪ್ತಿ ಇಲ್ಲಿ ಬಿದ್ದುಹೋಯಿತಲ್ಲವೇ? ಬೀಳಲಿಲ್ಲ. ಜನವರಿಯಲ್ಲಿ ಮೆಲ್ಬರ್ನ್‌ಗೆ ಬೇಸಿಗೆ. ಪ್ರೇಕ್ಷಕಪ್ರಮಾಣ ಚಳಿಗಾಲದ ಆಟಗಳಿಗೆ ಮಾತ್ರ ಅನ್ವಯಿಸುತ್ತದೆ. ಅಲ್ಲಿ ಎಲ್ಲರೂ ದಪ್ಪ ಕೋಟು ತೊಟ್ಟಿರುವುದರಿಂದ ಒಳಗಿನ ಅಂಗಿಯ ಮೇಲೆ ಏನು ಬರೆದಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಸೈಮನ್ ಅವರ ಸಂಸ್ಥೆ ಮಾತ್ರ ಬಹುಕಾಲ ಹಟ ಹಿಡಿಯಿತು. 2021ರ ಡಿಸೆಂಬರಿನಲ್ಲಿ ಚೀನಾದ ಟೂರ್ನಿಗಳನ್ನು ನಿಲ್ಲಿಸಿ, ಪಾರದರ್ಶಕ ತನಿಖೆಯಾಗಲಿ, ಪೆಂಗ್ ಅವರನ್ನು ಖಾಸಗಿಯಾಗಿ ಕಾಣಲು ಬಿಡಿ ಎಂದಿತು. ಎರಡೂ ಆಗಲಿಲ್ಲ. 2023ರ ಏಪ್ರಿಲಿನಲ್ಲಿ, ಪರಿಸ್ಥಿತಿ ಬದಲಾಗುವ ಲಕ್ಷಣವಿಲ್ಲವೆಂದು ಹೇಳಿ, ಟೂರ್ನಿಗಳಿಗೆ ಮರಳುವ ನಿರ್ಧಾರ ಪ್ರಕಟಿಸಿತು. ಇನ್ನು ಮುಂದಿನ ಸಂಶೋಧಕರಿಗೆ ಒಂದು ಎಚ್ಚರಿಕೆ ಹೇಳಬೇಕು. 2026ರ ಮಿಲಾನೊ–ಕೊರ್ಟಿನಾ ಒಲಿಂಪಿಕ್ಸ್‌ಗೆ ಟಿಕೆಟ್‌ಗಳನ್ನು ಸಾರ್ವಜನಿಕರಿಗೆ ಮಾರಿದ್ದಾರೆ. ದುಡ್ಡು ಕೊಟ್ಟು ಒಳಗೆ ಬಂದ ಇಂಥ ಪ್ರೇಕ್ಷಕರಿಂದ ಯಾರ ಕ್ಷೇಮವೂ ಸಿದ್ಧವಾಗದು. ಅವರು ಆಟ ನೋಡಲೆಂದೇ ಬಂದಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.